ಹವಾಮಾನ ಹೋರಾಟಕ್ಕೆ ನೊಬೆಲ್ ಶಾಂತಿ ಪ್ರಶಸ್ತಿ: ನಾಮನಿರ್ದೇಶನ ಪತ್ರ ಬರೆಯುವ ಬಗೆ

ಹವಾಮಾನ ಬದಲಾವಣೆಯ ವಿರುದ್ಧ ದುಡಿಯುವವರಿಗೆ ಶಾಂತಿ ಪ್ರಶಸ್ತಿ ಸಲ್ಲಬೇಕೇ? ವೇದಿಕೆಯ ಮೇಲೆ ಈ ಪ್ರಶ್ನೆಗೆ ಹೌದು ಎನ್ನುವುದೂ ಸುಲಭ, ಇಲ್ಲ ಎನ್ನುವುದೂ ಸುಲಭ. ಒಂದು ನಾಮನಿರ್ದೇಶನ ಪತ್ರವನ್ನು ನಿಜಕ್ಕೂ ಬರೆಯಲು ಕೂತಾಗ ಮಾತ್ರ ಎಲ್ಲಿ ವಾದ ಗಟ್ಟಿ, ಎಲ್ಲಿ ಟೊಳ್ಳು ಎಂಬುದು ತಿಳಿಯುತ್ತದೆ. ಸೂಚಿಸುವ ಅರ್ಹತೆ ಇರುವವರಿಗೂ, ಅಂಥವರಿಗೆ ಕರಡು ಸಿದ್ಧಪಡಿಸಿ ಕೊಡುವ ಸಂಘ ಸಂಸ್ಥೆಗಳಿಗೂ, ಇದೇ ವಿಷಯದ ಮೇಲೆ ಚರ್ಚಾ ಸ್ಪರ್ಧೆಗೆ ಹೊರಟ ವಿದ್ಯಾರ್ಥಿಗಳಿಗೂ ಈ ಬರಹ ಕೆಲಸಕ್ಕೆ ಬರುತ್ತದೆ.

ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ. "ಹವಾಮಾನ" ಎಂಬ ವಿಷಯಕ್ಕೆ ಪ್ರಶಸ್ತಿ ಕೇಳಿದರೆ ಪತ್ರ ಸೋಲುತ್ತದೆ. ದೇಶ ದೇಶಗಳ ನಡುವೆ, ಅಥವಾ ಒಂದು ಸರ್ಕಾರ ಮತ್ತು ಅದರ ಜನರ ನಡುವೆ, ಬಡಿದಾಟದ ಬದಲು ಮಾತುಕತೆಗೆ, ಕಾನೂನಿಗೆ ದಾರಿ ಮಾಡಿದ ಒಂದು ನಿರ್ದಿಷ್ಟ ಕೆಲಸಕ್ಕೆ ಕೇಳಿದರೆ ಪತ್ರಕ್ಕೆ ಬಲ ಬರುತ್ತದೆ.

ಸಹಿ ಯಾರದ್ದು?

ಬರವಣಿಗೆಗೆ ಮುಂಚೆ ಇದು ತೀರ್ಮಾನವಾಗಬೇಕು. ಶಾಂತಿ ಪ್ರಶಸ್ತಿಗೆ ಹೆಸರು ಸೂಚಿಸಲು, ಅದನ್ನು ಕೊಡುವ ಓಸ್ಲೋದ ನಾರ್ವೇಜಿಯನ್ ನೊಬೆಲ್ ಸಮಿತಿಯ ಆಹ್ವಾನ ಪತ್ರ ಬೇಕಿಲ್ಲ, ಆದರೆ ಸೂಚಿಸುವವರು ಅರ್ಹರ ಪಟ್ಟಿಯಲ್ಲಿರಲೇಬೇಕು. ರಾಷ್ಟ್ರೀಯ ಸಂಸತ್ತಿನ ಸದಸ್ಯರು, ರಾಷ್ಟ್ರ ಸರ್ಕಾರಗಳ ಸಚಿವರು, ರಾಷ್ಟ್ರಗಳ ಮುಖ್ಯಸ್ಥರು, ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಸದಸ್ಯರು, ವಿಶ್ವವಿದ್ಯಾಲಯಗಳ ಮುಖ್ಯಸ್ಥರು, ಶಾಂತಿ ಸಂಶೋಧನೆ ಮತ್ತು ವಿದೇಶಾಂಗ ನೀತಿ ಸಂಸ್ಥೆಗಳ ನಿರ್ದೇಶಕರು, ಹಿಂದೆ ಶಾಂತಿ ಪ್ರಶಸ್ತಿ ಪಡೆದವರು ಈ ಪಟ್ಟಿಯಲ್ಲಿದ್ದಾರೆ. ಇತಿಹಾಸ, ಸಮಾಜ ವಿಜ್ಞಾನ, ಕಾನೂನು, ತತ್ತ್ವಶಾಸ್ತ್ರ, ಧರ್ಮಶಾಸ್ತ್ರ ವಿಭಾಗಗಳ ಪ್ರಾಧ್ಯಾಪಕರು, ಸಹ ಪ್ರಾಧ್ಯಾಪಕರು ಮತ್ತು ಎಮೆರಿಟಸ್ ಪ್ರಾಧ್ಯಾಪಕರೂ ಇದ್ದಾರೆ.

ಕರ್ನಾಟಕದ ಲೆಕ್ಕದಲ್ಲಿ ಹೇಳುವುದಾದರೆ, ನಮ್ಮ 28 ಲೋಕಸಭಾ ಸದಸ್ಯರು ಮತ್ತು 12 ರಾಜ್ಯಸಭಾ ಸದಸ್ಯರು ಸೂಚಿಸಬಹುದು. ಶಾಸಕರು, ರಾಜ್ಯದ ಮಂತ್ರಿಗಳು ಆ ಹುದ್ದೆಯ ಬಲದ ಮೇಲೆ ಸೂಚಿಸಲಾರರು. ಕುಲಪತಿಗಳು ಸೂಚಿಸಬಹುದು. ಅರ್ಥಶಾಸ್ತ್ರದ ಸಹ ಪ್ರಾಧ್ಯಾಪಕರಿಗೆ ಅವಕಾಶವಿದೆ, ಅದೇ ವಿಭಾಗದ ಸಹಾಯಕ ಪ್ರಾಧ್ಯಾಪಕರಿಗೆ ಇಲ್ಲ. ವಿಚಿತ್ರವೆಂದರೆ ಹವಾಮಾನ ವಿಜ್ಞಾನವನ್ನೇ ಜೀವಮಾನವಿಡೀ ಓದಿದ ಭೌತಶಾಸ್ತ್ರದ ಪ್ರಾಧ್ಯಾಪಕರಿಗೂ ಈ ಬಾಗಿಲು ಮುಚ್ಚಿದೆ. ಕನ್ನಡ ಪ್ರಾಧ್ಯಾಪಕರು ಸಾಹಿತ್ಯದ ನೊಬೆಲ್‌ಗೆ ಹೆಸರು ಸೂಚಿಸಬಹುದು, ಶಾಂತಿಯದಕ್ಕೆ ಆಗುವುದಿಲ್ಲ. ಹೀಗಾಗಿ ವಿಜ್ಞಾನಿಯೊಬ್ಬರು ಕರಡು ಬರೆದು, ಕಾನೂನು ಅಥವಾ ಇತಿಹಾಸದ ಪ್ರಾಧ್ಯಾಪಕರು ಅದನ್ನು ತಮ್ಮದಾಗಿಸಿಕೊಂಡು ಕಳಿಸುವ ಜೋಡಿ ಒಳ್ಳೆಯದು. ತಮ್ಮ ಹೆಸರನ್ನು ತಾವೇ ಸೂಚಿಸಿಕೊಂಡರೆ ಸಮಿತಿ ಪರಿಗಣಿಸುವುದಿಲ್ಲ.

ಸಾವಿರ ಜನರ ಸಹಿ ಸಂಗ್ರಹಕ್ಕೆ ಇಲ್ಲಿ ಬೆಲೆಯಿಲ್ಲ. ಅರ್ಹರಾದ ಒಬ್ಬರ ಒಂದು ಪತ್ರ ಸಾಕು.

ಉಯಿಲಿನ ಮೂರು ಮಾತು

ಆಲ್‌ಫ್ರೆಡ್ ನೊಬೆಲ್ 1895ರ ನವೆಂಬರ್ 27ರಂದು ಸಹಿ ಮಾಡಿದ ಉಯಿಲಿನಲ್ಲಿ ಶಾಂತಿ ಪ್ರಶಸ್ತಿಗೆ ಮೂರು ಕೆಲಸಗಳನ್ನು ಹೇಳಿದ್ದಾನೆ: ರಾಷ್ಟ್ರಗಳ ನಡುವೆ ಸೋದರಭಾವ ಬೆಳೆಸುವುದು, ಸಜ್ಜುಗೊಂಡು ನಿಂತ ಸೇನೆಗಳನ್ನು ತೆಗೆದುಹಾಕುವುದು ಅಥವಾ ಕಡಿಮೆ ಮಾಡುವುದು, ಶಾಂತಿ ಸಮಾವೇಶಗಳನ್ನು ನಡೆಸುವುದು ಮತ್ತು ಬೆಳೆಸುವುದು. ಪರಿಸರ ಎಂಬ ಪದ ಅಲ್ಲೆಲ್ಲೂ ಇಲ್ಲ. ಪತ್ರದ ಕರಡಿನ ಮೇಲ್ಗಡೆ ಈ ಮೂರನ್ನೂ ಬರೆದಿಟ್ಟುಕೊಳ್ಳಿ. ನೀವು ಬರೆಯುವ ಪ್ರತಿ ಪ್ಯಾರಾ ಈ ಮೂರರಲ್ಲಿ ಯಾವುದಕ್ಕೆ ಸೇರುತ್ತದೆ ಎಂದು ಅಂಚಿನಲ್ಲಿ ಗುರುತು ಹಾಕಿ. ಯಾವುದಕ್ಕೂ ಸೇರದ ಪ್ಯಾರಾವನ್ನು, ಎಷ್ಟೇ ಚೆನ್ನಾಗಿದ್ದರೂ, ತೆಗೆದುಬಿಡಿ.

ಹವಾಮಾನ ಕೆಲಸಕ್ಕೆ ಸಲೀಸಾಗಿ ಹೊಂದುವುದು ಮೊದಲನೆಯದು. ಎರಡನೆಯದನ್ನು ಹೆಚ್ಚಿನವರು ಮರೆತೇಬಿಡುತ್ತಾರೆ, ಆದರೆ ಅಲ್ಲೊಂದು ದಾರಿಯಿದೆ. ಪ್ಯಾರಿಸ್ ಹವಾಮಾನ ಒಪ್ಪಂದದಡಿ ಸೇನೆಗಳು ಹೊರಬಿಡುವ ಇಂಗಾಲದ ಲೆಕ್ಕ ಕೊಡುವುದು ದೇಶಗಳ ಇಚ್ಛೆಗೆ ಬಿಟ್ಟದ್ದು. ಜಗತ್ತಿನ ಒಟ್ಟು ಹೊರಸೂಸುವಿಕೆಯಲ್ಲಿ ಸೇನೆಗಳ ಪಾಲು ಸುಮಾರು 5.5% ಇರಬಹುದು ಎಂದು 2022ರ ಒಂದು ಅಂದಾಜು ಹೇಳಿತು. ಈ ಲೆಕ್ಕವನ್ನು ಬಯಲಿಗೆ ತರಲು ಕೆಲಸ ಮಾಡುವವರನ್ನು ಸೂಚಿಸಿದರೆ ಉಯಿಲಿನ ಎರಡನೆಯ ಮಾತಿನ ಬಾಗಿಲನ್ನು ನೇರವಾಗಿ ತಟ್ಟಿದಂತೆ.

ಇನ್ನೊಂದು ನಿಯಮವೂ ಮುಖ್ಯ. ಪ್ರಶಸ್ತಿ ಇತ್ತೀಚಿನ ಸಾಧನೆಗೆ. ಹಳೆಯ ಕೆಲಸಕ್ಕೆ ಕೊಡಬೇಕಾದರೆ ಅದರ ಮಹತ್ವ ಈಚೆಗಷ್ಟೇ ಸ್ಪಷ್ಟವಾಗಿರಬೇಕು. "ನಲವತ್ತು ವರ್ಷಗಳ ನಿರಂತರ ಸೇವೆ" ಎಂಬುದು ನಮ್ಮ ಸನ್ಮಾನ ಪತ್ರಗಳಲ್ಲಿ ಶೋಭಿಸುತ್ತದೆ, ಇಲ್ಲಿ ಅದು ಕೆಲಸ ಮಾಡದು. ಕಳೆದ ಒಂದೆರಡು ವರ್ಷದಲ್ಲಿ ಏನಾಯಿತು ಎಂಬುದನ್ನು ಮೊದಲ ಪುಟದಲ್ಲೇ ಹೇಳಬೇಕು.

ಹಿಂದಿನ ಎರಡು ಪ್ರಶಸ್ತಿಗಳನ್ನು ಓದುವ ರೀತಿ

2004ರಲ್ಲಿ ಕೀನ್ಯಾದ ವಂಗಾರಿ ಮಾತಾಯಿ ಅವರಿಗೆ ಬಂತು. ಅವರು 1977ರಲ್ಲಿ ಶುರು ಮಾಡಿದ ಗ್ರೀನ್ ಬೆಲ್ಟ್ ಚಳವಳಿ ಅಷ್ಟರಲ್ಲಿ ಸುಮಾರು 3 ಕೋಟಿ ಗಿಡ ನೆಟ್ಟಿತ್ತು. ಆದರೆ ಸಮಿತಿಯ ಪ್ರಶಸ್ತಿ ವಾಕ್ಯ ನೋಡಿ: ಸುಸ್ಥಿರ ಅಭಿವೃದ್ಧಿ, ಪ್ರಜಾಪ್ರಭುತ್ವ ಮತ್ತು ಶಾಂತಿಗೆ ನೀಡಿದ ಕೊಡುಗೆಗಾಗಿ. ಗಿಡದ ಜೊತೆಗೆ ಅವರ ಹೆಸರಿನಲ್ಲಿ ಬೇರೆ ಲೆಕ್ಕವೂ ಇತ್ತು. 1989ರಲ್ಲಿ ನೈರೋಬಿಯ ಉಹುರು ಪಾರ್ಕಿನಲ್ಲಿ ಆಳುವ ಪಕ್ಷ 60 ಅಂತಸ್ತಿನ ಕಟ್ಟಡ ಎಬ್ಬಿಸಲು ಹೊರಟಾಗ ಪತ್ರದ ಮೇಲೆ ಪತ್ರ ಬರೆದು, ವಿದೇಶಿ ಹೂಡಿಕೆದಾರರು ಹಿಂದೆ ಸರಿಯುವವರೆಗೆ ಬಿಡಲಿಲ್ಲ. 1992ರಲ್ಲಿ ಅದೇ ಪಾರ್ಕಿನಲ್ಲಿ ರಾಜಕೀಯ ಕೈದಿಗಳ ತಾಯಂದಿರ ಜೊತೆ ಉಪವಾಸ ಕೂತು, ಪೊಲೀಸರ ಏಟಿಗೆ ಪ್ರಜ್ಞೆ ತಪ್ಪಿದರು. 1999ರಲ್ಲಿ ಕರೂರಾ ಕಾಡಿನ ಒತ್ತುವರಿ ತಡೆಯಲು ಹೋಗಿ ಹಲ್ಲೆಗೊಳಗಾದರು. ಗಿಡ ನೆಡುವ ಕೆಲಸ ಶಾಂತಿಯ ಕೆಲಸವಾದದ್ದು ಈ ಹಾದಿಯಲ್ಲಿ.

ನಮ್ಮಲ್ಲಿ ಸಾಲುಮರದ ತಿಮ್ಮಕ್ಕನವರಿಗೂ ತುಳಸಿ ಗೌಡರಿಗೂ ನೊಬೆಲ್ ಸಿಗಬೇಕಿತ್ತು ಎಂದು ಮರುಗುವವರು ಗಮನಿಸಬೇಕಾದದ್ದು ಇದೇ. ಹುಲಿಕಲ್‌–ಕುದೂರು ರಸ್ತೆಯ ಆಲದ ಸಾಲಿನ ಹಿರಿಮೆ ಯಾವ ಪ್ರಶಸ್ತಿಗೂ ಕಡಿಮೆಯದಲ್ಲ, ಆದರೆ ಶಾಂತಿ ಸಮಿತಿ ಮರ ಎಣಿಸುವುದಿಲ್ಲ. ಇಬ್ಬರೂ ಈಗ ಇಲ್ಲವಾದ್ದರಿಂದ ಆ ದಾರಿಯೂ ಮುಚ್ಚಿದೆ: 1974ರಿಂದೀಚೆಗೆ ಮರಣೋತ್ತರ ಪ್ರಶಸ್ತಿ ಇಲ್ಲ, ಘೋಷಣೆಯಾದ ಮೇಲೆ ತೀರಿಕೊಂಡರೆ ಮಾತ್ರ ವಿನಾಯಿತಿ.

2007ರದ್ದು ಐಪಿಸಿಸಿ (ಹವಾಮಾನ ಬದಲಾವಣೆಯ ವಿಜ್ಞಾನವನ್ನು ಒಟ್ಟುಗೂಡಿಸಿ ವರದಿ ಕೊಡುವ ವಿಶ್ವಸಂಸ್ಥೆಯ ಮಂಡಳಿ) ಮತ್ತು ಅಮೆರಿಕದ ಮಾಜಿ ಉಪಾಧ್ಯಕ್ಷ ಅಲ್ ಗೋರ್ ಅವರಿಗೆ ಸಮನಾಗಿ ಹಂಚಿಹೋಯಿತು. ಆ ವರ್ಷ ಕಣದಲ್ಲಿದ್ದ ಹೆಸರುಗಳು 181. ಮಾನವ ನಿರ್ಮಿತ ಹವಾಮಾನ ಬದಲಾವಣೆಯ ಬಗ್ಗೆ ತಿಳಿವಳಿಕೆ ಕಟ್ಟಿ ಹರಡಿದ್ದಕ್ಕೆ ಎಂದು ಸಮಿತಿ ಹೇಳಿತು. ಯುದ್ಧದ ವಿಚಾರಕ್ಕೆ ಬಂದಾಗ ಮಾತ್ರ ಅದರ ಹೇಳಿಕೆ ಬಿಗಿ ಹಿಡಿದು ನಡೆಯುತ್ತದೆ: ದೊಡ್ಡ ವಲಸೆ ಆಗಬಹುದು, ಸಂಪನ್ಮೂಲಕ್ಕೆ ಪೈಪೋಟಿ ಹೆಚ್ಚಬಹುದು, ಹಿಂಸಾತ್ಮಕ ಸಂಘರ್ಷದ ಅಪಾಯ ಏರಬಹುದು. ಸಮಿತಿಯೇ "ಬಹುದು" ಎಂದು ನಿಂತ ಕಡೆ ನಿಮ್ಮ ಪತ್ರ "ಆಗಿಯೇ ತೀರುತ್ತದೆ" ಎನ್ನಬಾರದು.

ಒಂದು ಚಿಕ್ಕ ಎಚ್ಚರಿಕೆ. ಐಪಿಸಿಸಿ ವರದಿಗೆ ಕೆಲಸ ಮಾಡಿದ ವಿಜ್ಞಾನಿಗಳನ್ನು ನಮ್ಮ ಪತ್ರಿಕೆಗಳು, ಆಮಂತ್ರಣ ಪತ್ರಿಕೆಗಳು "ನೊಬೆಲ್ ಪುರಸ್ಕೃತ" ಎಂದು ಕರೆಯುವುದುಂಟು. ಪ್ರಶಸ್ತಿ ಬಂದದ್ದು ಸಂಸ್ಥೆಗೆ, ಯಾವ ವ್ಯಕ್ತಿಯನ್ನೂ ಹಾಗೆ ಕರೆಯುವುದು ಸರಿಯಲ್ಲ ಎಂದು ಐಪಿಸಿಸಿಯೇ 2012ರಲ್ಲಿ ಸ್ಪಷ್ಟಪಡಿಸಿದೆ. ನಿಮ್ಮ ಪತ್ರದಲ್ಲಿ ಈ ತಪ್ಪು ಕಂಡರೆ ಓಸ್ಲೋದಲ್ಲಿ ಓದುವವರು ಉಳಿದ ಅಂಕಿಅಂಶಗಳನ್ನೂ ಅನುಮಾನದಿಂದಲೇ ನೋಡುತ್ತಾರೆ.

ಕಷ್ಟದ ಜಾಗ: ಹವಾಮಾನ ಮತ್ತು ಯುದ್ಧದ ನಂಟು

ಹೆಚ್ಚಿನ ಪತ್ರಗಳು ಎಡವುವುದು ಇಲ್ಲೇ. "ಬರ ಬಂತು, ಜನ ಗುಳೆ ಹೋದರು, ಯುದ್ಧವಾಯಿತು" ಎಂಬ ಸರಪಳಿ ಓದಲು ಚೆಂದ. ಸಿರಿಯಾವನ್ನು ಉದಾಹರಣೆಗೆ ತರುವುದಂತೂ ರೂಢಿಯೇ ಆಗಿಬಿಟ್ಟಿದೆ. 2011ಕ್ಕೆ ಮುಂಚಿನ ಅಲ್ಲಿನ ಭೀಕರ ಬರಕ್ಕೂ ದಂಗೆಗೂ ನಂಟು ಕಟ್ಟಿದ ಅಧ್ಯಯನ 2015ರಲ್ಲಿ ಬಂತು. ಅದರ ಪ್ರತಿ ಕೊಂಡಿಯನ್ನೂ ಪ್ರಶ್ನಿಸಿದ ಅಧ್ಯಯನ 2017ರಲ್ಲಿ ಬಂತು. ಮೊದಲನೆಯದನ್ನಷ್ಟೇ ಉಲ್ಲೇಖಿಸಿ ಕಳಿಸಿದರೆ, ಶಾಂತಿ ಸಂಶೋಧನೆಯನ್ನೇ ಕಸುಬಾಗಿಸಿಕೊಂಡ ಸಮಿತಿಯ ಸಲಹೆಗಾರರ ಕೈಗೆ ನೀವೇ ಕತ್ತರಿ ಕೊಟ್ಟಂತೆ.

ಬಳಸಬಹುದಾದ ಗಟ್ಟಿ ನೆಲ ಇಷ್ಟು. 2019ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ತಜ್ಞರ ಅಂದಾಜಿನ ಪ್ರಕಾರ ಕಳೆದ ಶತಮಾನದ ಸಶಸ್ತ್ರ ಸಂಘರ್ಷಗಳ ಅಪಾಯದಲ್ಲಿ ಹವಾಮಾನದ ಪ್ರಭಾವ 3ರಿಂದ 20%ವರೆಗೆ. ಬಿಸಿ ಏರಿದಂತೆ ಅದು ಹೆಚ್ಚುತ್ತದೆ ಎಂಬುದೂ ಅವರ ಅಭಿಪ್ರಾಯ. ಬಡತನ, ಆಡಳಿತದ ದೌರ್ಬಲ್ಯ, ಹಳೆಯ ಕಲಹ ಇವೇ ಮುಂದಿನ ಸಾಲಿನ ಕಾರಣಗಳು. ಇತರ ಸಾಮಾಜಿಕ, ಆರ್ಥಿಕ ಕಾರಣಗಳ ಎದುರು ಹವಾಮಾನದ ಪ್ರಭಾವ ಹೋಲಿಕೆಯಲ್ಲಿ ದುರ್ಬಲ ಎಂದು ಐಪಿಸಿಸಿಯ ಆರನೆಯ ವರದಿಯೂ ಹೇಳುತ್ತದೆ. ಸ್ವೀಡನ್ನಿನ ಹವಾಮಾನ ಹೋರಾಟಗಾರ್ತಿ ಗ್ರೆಟಾ ಥುನ್‌ಬರ್ಗ್ ಹೆಸರನ್ನು 2019ರಲ್ಲಿ ನಾರ್ವೆಯ ಸಂಸದರು ಸೂಚಿಸಿದಾಗ ಓಸ್ಲೋದ ಶಾಂತಿ ಸಂಶೋಧನಾ ಸಂಸ್ಥೆಯ ನಿರ್ದೇಶಕ ಹೆನ್ರಿಕ್ ಉರ್ಡಾಲ್ ಎತ್ತಿದ ತಕರಾರೂ ಇದೇ: ಹವಾಮಾನದಿಂದ ಯುದ್ಧಕ್ಕೆ ನೇರ ಗೆರೆ ಎಳೆಯಲಾಗದು. ಆ ವರ್ಷದ ಪ್ರಶಸ್ತಿ ಇಥಿಯೋಪಿಯಾದ ಅಬಿ ಅಹಮದ್ ಅವರಿಗೆ ಹೋಯಿತು.

ಹಾಗಾದರೆ ಮಾಡುವುದೇನು? ವಾದದ ದಿಕ್ಕು ಬದಲಿಸಿ. "ಇವರು ಮುಂದೆ ಆಗಲಿದ್ದ ಯುದ್ಧ ತಪ್ಪಿಸಿದರು" ಎಂದು ಸಾಬೀತು ಮಾಡಲು ಯಾರಿಂದಲೂ ಆಗದು. "ಇವರು ದೇಶಗಳ ನಡುವಿನ ಈ ಜಗಳಕ್ಕೆ ಹೊಸ ನ್ಯಾಯದ ಹಾದಿ ತೆರೆದರು" ಎಂಬುದನ್ನು ದಾಖಲೆ ಸಮೇತ ತೋರಿಸಬಹುದು.

ಅಭ್ಯರ್ಥಿಯ ಆಯ್ಕೆ

ಒಂದು ಪ್ರಶಸ್ತಿಯನ್ನು ಹೆಚ್ಚೆಂದರೆ ಮೂವರಿಗೆ ಹಂಚಬಹುದು. ಶಾಂತಿ ಪ್ರಶಸ್ತಿಯಲ್ಲಿ ಸಂಸ್ಥೆಗಳಿಗೂ ಅವಕಾಶವಿದೆ. ಜಗತ್ತಿನ ಯುವ ಹವಾಮಾನ ಚಳವಳಿ ಎಂಬಂಥ ಆಕಾರವಿಲ್ಲದ ಗುಂಪನ್ನು ಸೂಚಿಸಿದರೆ ಪದಕ ಪಡೆಯಲು ಬರುವವರು ಯಾರು ಎಂಬ ಪ್ರಶ್ನೆಗೇ ಪತ್ರ ಬಿದ್ದುಹೋಗುತ್ತದೆ.

ಮಾದರಿಗೆ ಪೆಸಿಫಿಕ್ ದ್ವೀಪಗಳ ವಿದ್ಯಾರ್ಥಿಗಳ ಪ್ರಕರಣ ತೆಗೆದುಕೊಳ್ಳಿ. ಮೊದಲು ಸಾಮಾನ್ಯವಾಗಿ ಬರೆಯುವ ರೀತಿ:

"ಈ ಯುವಜನರು ಭೂಮಿತಾಯಿಯನ್ನು ಉಳಿಸಲು ಹಗಲಿರುಳು ಶ್ರಮಿಸುತ್ತಿದ್ದಾರೆ. ಹವಾಮಾನ ಬದಲಾವಣೆ ಮನುಕುಲಕ್ಕೆ ಒದಗಿದ ಅತಿ ದೊಡ್ಡ ಗಂಡಾಂತರ. ಆದ್ದರಿಂದ ಇವರು ನಿಜವಾದ ಶಾಂತಿದೂತರು."

ಮೂರು ವಾಕ್ಯ, ಪರಿಶೀಲಿಸಬಹುದಾದ ಒಂದು ಸಂಗತಿಯೂ ಇಲ್ಲ. ಯಾರ ಹೆಸರನ್ನು ತಂದು ಕೂರಿಸಿದರೂ ಹೊಂದುತ್ತದೆ. ಅದನ್ನೇ ಹೀಗೆ ಬರೆಯಬಹುದು:

"2019ರಲ್ಲಿ ಸೌತ್ ಪೆಸಿಫಿಕ್ ವಿಶ್ವವಿದ್ಯಾಲಯದ 27 ಕಾನೂನು ವಿದ್ಯಾರ್ಥಿಗಳು, ಹವಾಮಾನದ ವಿಷಯದಲ್ಲಿ ದೇಶಗಳಿಗಿರುವ ಕಾನೂನು ಹೊಣೆ ಏನೆಂದು ಅಂತರರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳಬೇಕೆಂದು ಹೊರಟರು. ವನುವಾಟು ಸರ್ಕಾರ ಅದನ್ನು ಕೈಗೆತ್ತಿಕೊಂಡಿತು. 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ಆ ನಿರ್ಣಯವನ್ನು ಮತಕ್ಕೆ ಹಾಕದೆ ಒಮ್ಮತದಿಂದ ಅಂಗೀಕರಿಸಿತು. 2024ರ ಡಿಸೆಂಬರ್‌ನ ವಿಚಾರಣೆಯಲ್ಲಿ 96 ರಾಷ್ಟ್ರಗಳು ವಾದ ಮಂಡಿಸಿದವು. 2025ರ ಜುಲೈ 23ರಂದು ನ್ಯಾಯಾಲಯ ಸರ್ವಾನುಮತದ ಸಲಹಾ ಅಭಿಪ್ರಾಯ ನೀಡಿತು. ಮುಳುಗುವ ಭೀತಿಯಲ್ಲಿರುವ ಸಣ್ಣ ದೇಶಗಳು ಮತ್ತು ದೊಡ್ಡ ದೇಶಗಳ ನಡುವಿನ ವ್ಯಾಜ್ಯ ಹೀಗೆ ನ್ಯಾಯಾಲಯದ ಅಂಗಳಕ್ಕೆ ಬಂತು. ಉಯಿಲಿನ 'ರಾಷ್ಟ್ರಗಳ ನಡುವಿನ ಸೋದರಭಾವ' ಎಂಬ ಮಾತಿಗೆ ಇದು ನೇರವಾಗಿ ಸೇರುತ್ತದೆ."

ಎರಡನೆಯದರಲ್ಲಿ ಒಂದೂ ಹೊಗಳಿಕೆಯ ಪದವಿಲ್ಲ, ಆದರೂ ಹೊಗಳಿಕೆ ತಲುಪುತ್ತದೆ. ಪ್ರತಿ ದಿನಾಂಕವೂ ತಾಳೆ ನೋಡಲು ಸಿಗುತ್ತದೆ. "ಸಲಹಾ ಅಭಿಪ್ರಾಯ" ಎಂಬುದನ್ನು "ತೀರ್ಪು" ಎಂದು ಬದಲಿಸುವ ಚಪಲ ಬರುತ್ತದೆ, ತಡೆಯಿರಿ. ಅದು ದೇಶಗಳನ್ನು ಕಟ್ಟಿಹಾಕುವ ತೀರ್ಪಲ್ಲ.

ಇದೇ ಅಳತೆಗೆ ನಿಲ್ಲುವ ಇನ್ನೊಂದು ಬಗೆ, ಶತ್ರು ದೇಶಗಳ ನಡುವೆ ನೀರಿನ ನೆಪದಲ್ಲಿ ಮಾತು ನಡೆಸುವ ಸಂಸ್ಥೆಗಳು. 1994ರಿಂದ ಇಸ್ರೇಲಿ, ಪ್ಯಾಲೆಸ್ತೀನಿ ಮತ್ತು ಜೋರ್ಡಾನಿನ ಜನರನ್ನು ಒಟ್ಟಿಗೆ ಕೂರಿಸಿಕೊಂಡು ಬಂದಿರುವ ಇಕೋಪೀಸ್ ಮಿಡ್ಲ್ ಈಸ್ಟ್ ಇಂಥದ್ದು. ಇಲ್ಲಿ ಶಾಂತಿಯ ನಂಟನ್ನು ಹುಡುಕಿಕೊಂಡು ಹೋಗಬೇಕಾಗಿಯೇ ಇಲ್ಲ.

ಎದುರಾಳಿಯ ವಾದಕ್ಕೆ ಜಾಗ ಕೊಡಿ

ಎರಡು ಪುಟದ ಪತ್ರದಲ್ಲಿ ಅರ್ಧ ಪುಟವನ್ನು ಇದಕ್ಕೆ ಮೀಸಲಿಡುವುದು ಲಾಭ. ನಾರ್ವೆಯ ವಕೀಲ ಫ್ರೆಡ್ರಿಕ್ ಹೆಫರ್‌ಮೆಲ್ ವರ್ಷಗಟ್ಟಲೆ ವಾದಿಸಿದ್ದು, ನೊಬೆಲ್‌ನ ಆಶಯ ನಿಶ್ಶಸ್ತ್ರೀಕರಣ, ಸಮಿತಿ ಅದನ್ನು ಬಿಟ್ಟು ಸಿಕ್ಕ ಒಳ್ಳೆಯ ಕೆಲಸಕ್ಕೆಲ್ಲ ಪ್ರಶಸ್ತಿ ಹಂಚುತ್ತಿದೆ ಎಂದು. ಇದು ತಳ್ಳಿಹಾಕುವ ಮಾತಲ್ಲ. 1970ರಲ್ಲೇ ಗೋಧಿ ತಳಿಗಾಗಿ ನಾರ್ಮನ್ ಬೋರ್ಲಾಗ್ ಅವರಿಗೆ ಕೊಟ್ಟಿದ್ದಾರಲ್ಲ ಎಂಬ ಪೂರ್ವನಿದರ್ಶನ ನಿಮ್ಮ ಕಡೆಗಿದೆ, ಆದರೆ ಒಮ್ಮೆ ಬೇಲಿ ದಾಟಿದ್ದು ಮತ್ತೆ ದಾಟಲು ಸಮರ್ಥನೆಯಾಗದು. ಆದ್ದರಿಂದಲೇ ಉಯಿಲಿನ ಮಾತಿಗೆ ನೇರ ಜೋಡಿಸುವುದೇ ಕ್ಷೇಮ.

ವಿಜ್ಞಾನಕ್ಕೆ ಬೇರೆ ನೊಬೆಲ್ ಇದೆಯಲ್ಲ ಎಂಬುದು ಮತ್ತೊಂದು ಆಕ್ಷೇಪ. ನಿಜ. ಓಝೋನ್ ಪದರದ ಸಂಶೋಧನೆಗೆ 1995ರಲ್ಲಿ ರಸಾಯನಶಾಸ್ತ್ರದ ನೊಬೆಲ್, ಹವಾಮಾನದ ಮಾದರಿಗಳಿಗೆ 2021ರಲ್ಲಿ ಸ್ಯುಕುರೊ ಮನಾಬೆ ಮತ್ತು ಕ್ಲಾಸ್ ಹಾಸೆಲ್‌ಮಾನ್ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂದಿದೆ. ನಿಮ್ಮ ಅಭ್ಯರ್ಥಿಯ ಮುಖ್ಯ ಸಾಧನೆ ಸಂಶೋಧನೆಯೇ ಆಗಿದ್ದರೆ ಶಾಂತಿ ಪ್ರಶಸ್ತಿಯ ಆಸೆ ಬಿಡಿ.

ಭಾರತದಿಂದ ಬರೆಯುವವರಿಗೆ ವಿಶೇಷವಾಗಿ ಗೊತ್ತಿರಬೇಕಾದದ್ದು: 2021ರ ಡಿಸೆಂಬರ್ 13ರಂದು ಹವಾಮಾನವನ್ನು ಭದ್ರತೆಯ ಪ್ರಶ್ನೆಯಾಗಿ ನೋಡುವ ಕರಡು ನಿರ್ಣಯ ಭದ್ರತಾ ಮಂಡಳಿಯ ಮುಂದೆ ಬಂತು. ಮಂಡಿಸಿದ್ದು ಐರ್ಲೆಂಡ್ ಮತ್ತು ನೈಜರ್. ಪರವಾಗಿ 12 ಮತ ಬಿದ್ದರೂ ರಷ್ಯಾ ವೀಟೊ ಚಲಾಯಿಸಿತು, ಚೀನಾ ಮತ ಹಾಕದೆ ಉಳಿಯಿತು, ಭಾರತ ವಿರುದ್ಧ ಮತ ಹಾಕಿತು. ಎಲ್ಲ ದೇಶಗಳೂ ಸಮಾನವಾಗಿ ಕೂರುವ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದ ವೇದಿಕೆಯೇ ಇದಕ್ಕೆ ಸರಿಯಾದ ಜಾಗ ಎಂಬುದು ಭಾರತದ ವಾದ. ನೀವು ಸೂಚಿಸಲು ಕೇಳಿಕೊಳ್ಳುವ ಸಂಸದರಿಗೆ ಈ ನಿಲುವು ನೆನಪಿದ್ದೇ ಇರುತ್ತದೆ. "ಹವಾಮಾನ ಭದ್ರತೆ" ಎಂಬ ಶೀರ್ಷಿಕೆ ಹೊತ್ತ ಕರಡನ್ನು ಅವರ ಮುಂದಿಟ್ಟರೆ ಸಹಿ ಸಿಗುವುದು ಅನುಮಾನ. ಹವಾಮಾನ ನ್ಯಾಯ, ಸಣ್ಣ ದೇಶಗಳ ಹಕ್ಕು ಎಂಬ ಕಡೆಯಿಂದ ಬನ್ನಿ.

ಅಂಕಿಅಂಶದ ಶುದ್ಧಿ

ಹಿಮಾಲಯದ ಹಿಮನದಿಗಳು 2035ರೊಳಗೆ ಮಾಯವಾಗಬಹುದು ಎಂಬ ಸಾಲು 2007ರ ಐಪಿಸಿಸಿ ವರದಿಯಲ್ಲಿ ನುಸುಳಿತ್ತು. ಅದರ ಬೇರು ಹುಡುಕುತ್ತಾ ಹೋದರೆ ಸಿಕ್ಕಿದ್ದು ವೈಜ್ಞಾನಿಕ ಪ್ರಬಂಧವಲ್ಲ, 1999ರ ಒಂದು ನಿಯತಕಾಲಿಕದ ಸಂದರ್ಶನದ ಮಾತು. 2010ರ ಜನವರಿಯಲ್ಲಿ ಐಪಿಸಿಸಿ ತಪ್ಪೊಪ್ಪಿತು. ಸಾವಿರಾರು ಪುಟದ ವರದಿಯಲ್ಲಿ ಒಂದು ಸಾಲು. ವಿರೋಧಿಗಳು ಅದನ್ನೇ ಹಿಡಿದು ವರ್ಷಗಳ ಕಾಲ ಜಗ್ಗಿದರು. ಹವಾಮಾನದ ಬಗ್ಗೆ ಅಲ್ ಗೋರ್ ಅವರ ಸಾಕ್ಷ್ಯಚಿತ್ರದಲ್ಲಿ ಒಂಬತ್ತು ತಪ್ಪುಗಳಿವೆಯೆಂದು ಲಂಡನ್ನಿನ ಹೈಕೋರ್ಟ್ ಹೇಳಿದ್ದು ಪ್ರಶಸ್ತಿ ಘೋಷಣೆಗೆ ಎರಡೇ ದಿನ ಮೊದಲು. ಚಿತ್ರದ ಮೂಲ ವಾದ ಸರಿಯಿದೆ ಎಂದೂ ಅದೇ ನ್ಯಾಯಾಧೀಶರು ಹೇಳಿದ್ದರು, ಅದನ್ನು ನೆನಪಿಟ್ಟವರು ಕಡಿಮೆ.

ಆದ್ದರಿಂದ ಪತ್ರದ ಪ್ರತಿ ಸಂಖ್ಯೆಯ ಎದುರೂ ಮೂಲ ದಾಖಲೆಯ ಹೆಸರು ಮತ್ತು ಪುಟ ಬರೆದಿಟ್ಟ ಒಂದು ಪ್ರತಿ ನಿಮ್ಮಲ್ಲಿರಲಿ. ಪತ್ರಿಕಾ ವರದಿಯನ್ನು ಮೂಲವೆಂದು ಎಣಿಸಬೇಡಿ. ಸಂಸ್ಥೆ ತನ್ನ ಬಗ್ಗೆ ತಾನೇ ಪ್ರಕಟಿಸಿಕೊಂಡ ಅಂಕಿಯನ್ನು ಹೊರಗಿನ ಒಂದು ದಾಖಲೆಯ ಜೊತೆ ತಾಳೆ ನೋಡದೆ ಹಾಕಬೇಡಿ.

ಕಳಿಸುವುದು ಮತ್ತು ಆಮೇಲೆ

ನಾರ್ವೆಯ ನೊಬೆಲ್ ಸಮಿತಿಯ ಜಾಲತಾಣದ ನಮೂನೆಯ ಮೂಲಕವೇ ಸಲ್ಲಿಸಬಹುದು. ಅಭ್ಯರ್ಥಿಯ ಹೆಸರು, ಸೂಚಿಸಲು ಕಾರಣ, ಸೂಚಕರ ಹೆಸರು ಮತ್ತು ಹುದ್ದೆ ಅದರ ಜೀವಾಳ. ಹುದ್ದೆಯನ್ನು ಬರೆಯುವಾಗ ಅರ್ಹತೆಯ ಯಾವ ಗುಂಪಿಗೆ ಸೇರುತ್ತೀರಿ ಎಂಬುದು ಒಂದೇ ನೋಟಕ್ಕೆ ತಿಳಿಯಬೇಕು. ಬರೀ "ಪ್ರಾಧ್ಯಾಪಕರು" ಎಂದರೆ ಸಾಲದು, ವಿಭಾಗದ ಹೆಸರು ಬೇಕು.

ಕೊನೆಯ ಗಡುವು ಜನವರಿ 31ರ ಮಧ್ಯರಾತ್ರಿ, ಓಸ್ಲೋ ಸಮಯ. ನಮ್ಮಲ್ಲಿ ಆಗ ಫೆಬ್ರವರಿ 1ರ ಬೆಳಗಿನ ಜಾವ 4.30. ಆ ನಾಲ್ಕೂವರೆ ಗಂಟೆಯ ಸಲಿಗೆಯನ್ನು ನಂಬಿ ಕೂರಬೇಡಿ. ತಡವಾಗಿ ಹೋದದ್ದು ಮುಂದಿನ ವರ್ಷದ ಕಡತಕ್ಕೆ ಸೇರುತ್ತದೆ. ನಾರ್ವೆಯ ಸಂಸತ್ತು ನೇಮಿಸಿದ ಐವರ ಸಮಿತಿ ಫೆಬ್ರವರಿ ಕೊನೆಗೆ ಸೇರಿ, 20ರಿಂದ 30 ಹೆಸರುಗಳ ಕಿರುಪಟ್ಟಿ ಮಾಡಿ ಸಲಹೆಗಾರರಿಗೆ ಕೊಡುತ್ತದೆ. ನಿಮ್ಮ ಪತ್ರಕ್ಕೆ ಸಿಗುವ ನಿಜವಾದ ಓದು ಆಗಸ್ಟ್‌ವರೆಗಿನ ಈ ಹಂತದಲ್ಲಿ. ತೀರ್ಮಾನ ಅಕ್ಟೋಬರ್ ಮೊದಲಲ್ಲಿ ಬಹುಮತದಿಂದ ಆಗುತ್ತದೆ, ಮೇಲ್ಮನವಿ ಇಲ್ಲ.

ಕಳಿಸಿದ ಮೇಲೆ ಪತ್ರಿಕಾಗೋಷ್ಠಿ ಕರೆಯುವ ಉಮೇದು ಬರುವುದು ಸಹಜ. ಸಮಿತಿ 50 ವರ್ಷ ಯಾರ ಹೆಸರನ್ನೂ ಹೇಳುವುದಿಲ್ಲ, ಆದ್ದರಿಂದ ನಿಮ್ಮ ಮಾತನ್ನು ಖಚಿತಪಡಿಸುವವರೂ ಇರುವುದಿಲ್ಲ. "ನೊಬೆಲ್‌ಗೆ ನಾಮನಿರ್ದೇಶನಗೊಂಡವರು" ಎಂಬ ಬಿರುದಿಗೆ ಬೆಲೆಯೂ ಅಷ್ಟಕ್ಕಷ್ಟೆ: ಸ್ಟಾಲಿನ್ ಹೆಸರು ಎರಡು ಸಲ ಹೋಗಿತ್ತು, ಗಾಂಧೀಜಿ ಹೆಸರು ಐದು ವರ್ಷಗಳಲ್ಲಿ ಹೋಗಿಯೂ ಬರಲಿಲ್ಲ. ನಾಮನಿರ್ದೇಶನ ಆ ಒಂದು ವರ್ಷಕ್ಕಷ್ಟೇ ಲೆಕ್ಕ. ಮರುವರ್ಷ ಹೊಸ ಬೆಳವಣಿಗೆ ಸೇರಿಸಿ ಮತ್ತೆ ಕಳಿಸಬೇಕು, ಹಳೆಯದನ್ನೇ ದಿನಾಂಕ ತಿದ್ದಿ ಕಳಿಸಿದರೆ ಪ್ರಯೋಜನವಿಲ್ಲ.

ಅರ್ಹ ಸೂಚಕರು ಸಿಗದಿದ್ದರೆ, ಅಥವಾ ಉಯಿಲಿನ ಮೂರು ಮಾತುಗಳಿಗೆ ನಿಮ್ಮ ಅಭ್ಯರ್ಥಿ ಎಷ್ಟು ಎಳೆದರೂ ಹೊಂದದಿದ್ದರೆ, 1980ರಿಂದ ಸ್ಟಾಕ್‌ಹೋಮ್‌ನಲ್ಲಿ ಕೊಡುತ್ತಿರುವ ರೈಟ್ ಲೈವ್ಲಿಹುಡ್ ಪ್ರಶಸ್ತಿ ಇದೆ. ಅದಕ್ಕೆ ಯಾರು ಬೇಕಾದರೂ ಹೆಸರು ಸೂಚಿಸಬಹುದು. 1987ರಲ್ಲಿ ಚಿಪ್ಕೋ, 1991ರಲ್ಲಿ ನರ್ಮದಾ ಬಚಾವೋ ಆಂದೋಲನ, 2019ರಲ್ಲಿ ಥುನ್‌ಬರ್ಗ್ ಅದನ್ನು ಪಡೆದಿದ್ದಾರೆ. ಅಲ್ಲಿಗೆ ಕಳಿಸುವ ಪತ್ರದಲ್ಲಿ ಯುದ್ಧ ಮತ್ತು ಶಾಂತಿಯ ಪ್ಯಾರಾಗಳನ್ನು ತೆಗೆದು, ಆ ಜಾಗದಲ್ಲಿ ಕೆಲಸ ನಡೆದ ಊರು, ಅದರಿಂದ ಬದಲಾದ ಕಾನೂನು ಅಥವಾ ಯೋಜನೆ, ಈಗ ಅದನ್ನು ನಡೆಸುತ್ತಿರುವವರ ವಿವರ ಸೇರಿಸಿ.